ಸವಕಳಿ

ಉಲ್ಮಾರಿನಲ್ಲಿ ತಕ್ಕಡಿ ಹಿಡಿಯುವವಳು ನಾನು.
ಇಪ್ಪತ್ತೆರಡು ಚಳಿಗಾಲ. ಬೇಸಿಗೆಯ ಲೆಕ್ಕ
ಇಲ್ಲಿ ಯಾರೂ ಇಡುವುದಿಲ್ಲ; ಅದು ಬರುತ್ತದೆ,
ಬಾಗಿಲಲ್ಲೇ ನಿಂತು, ಬೂಟು ಬಿಚ್ಚದೆ ಹೋಗುತ್ತದೆ.

ಮುನ್ನೂರು ಮೆಟ್ಟಿಲು ಇಳಿದರೆ ಕಾವುಗಲ್ಲು.
ಕೆಳಗೆ ಮಲಗಿರುವುದೊಂದರ ಉಗುರಿನ ಚೂರು ಎನ್ನುವವರಿದ್ದಾರೆ,
ಹಲ್ಲು ಎನ್ನುವವರಿದ್ದಾರೆ. ಒಂಬತ್ತನೇ ಸುರಂಗದಲ್ಲಿ
ಅದರ ಉಸಿರು ಕೇಳುತ್ತದೆ: ಬೆಳಿಗ್ಗೆ ಒಳಕ್ಕೆ, ಸಂಜೆ ಹೊರಕ್ಕೆ.
ನಮ್ಮ ಪಾಳಿ ಬದಲಾಗುವುದು ಅದನ್ನು ಕೇಳಿಕೊಂಡೇ.

ಉಪ್ಪುನೀರು ತಾಗುವವರೆಗೆ ಕಲ್ಲೂ ನಮ್ಮಂತೆ ತಣ್ಣಗೆ.
ಹಾಗಾಗಿ ಊರೊಳಗೆ ಉಪ್ಪು ತರುವಂತಿಲ್ಲ,
ಕೈಗವಸಿಲ್ಲದೆ ಮುಟ್ಟಿದರೆ ದಂಡ.
ಕಾಳಿನಷ್ಟು ಕಲ್ಲು ಒಂದು ಕೋಣೆಯನ್ನು
ಹತ್ತು ವರ್ಷ ಬೆಚ್ಚಗಿಡುತ್ತದಂತೆ. ಅಂತೆ.
ಎಲ್ಲ ಹೋಗುವುದು ತೆಂಕಣದ ಸೆರಿಯಾನಕ್ಕೆ,
ಕುರುಡು ಕಡವೆಗಳು ಎಳೆಯುವ ಜಾರುಬಂಡಿಯಲ್ಲಿ.
ಅಲ್ಲಿ ಕೊಳದ ತಳಕ್ಕೆ ಹಾಕುತ್ತಾರಂತೆ,
ಬಣ್ಣದ ಮೀನುಗಳಿಗೆ ಶೀತವಾಗದಿರಲೆಂದು.
ನಾವು ಸುಡುವುದು ಕಡವೆಯ ಲದ್ದಿ.

ತಕ್ಕಡಿಯ ಮುಳ್ಳು ಸುಳ್ಳು ಹೇಳುವುದಿಲ್ಲ;
ಹೇಳಬೇಕಾದರೆ ನಾನೇ ಹೇಳಬೇಕು.
ಹೇಳಿದ್ದು ಒಂದೇ ಸಲ.

ಯೆಸ್ಕಾ ಬಂದಳು, ನಾಲ್ಕನೇ ಪಾಳಿಯ ಕೊನೆಗೆ,
ರೆಪ್ಪೆಯ ಮೇಲೆ ಮಂಜು.
ಮಗು ತೊಮ್ರಿ ಹೋಗಿ ಹದಿನೇಳು ದಿನ.
ಚಳಿಗಾಲದಲ್ಲಿ ಸತ್ತವರನ್ನು ಹೂಳಲಾಗುವುದಿಲ್ಲ ಇಲ್ಲಿ,
ನೆಲ ಗುದ್ದಲಿಯನ್ನು ವಾಪಸು ಕಳಿಸುತ್ತದೆ.
ಹಾಳು ಸುರಂಗದ ಬಾಯಲ್ಲಿ ಸಾಲಾಗಿ ನಿಲ್ಲಿಸುತ್ತೇವೆ,
ಹಗ್ಗ ಕಟ್ಟಿ, ಗೋಡೆಗೊರಗಿಸಿ, ಕರಗುವ ಕಾಲದವರೆಗೆ.
“ಅವನಿಗೆ ನಿಲ್ಲಲು ಬರುತ್ತಿರಲಿಲ್ಲ,” ಎಂದಳು.
“ಇನ್ನೂ ಅಂಬೆಗಾಲು.”
ಅಷ್ಟೇ. ಅತ್ತಿದ್ದರೆ ಬಹುಶಃ ಬಾಗಿಲು ತೋರಿಸುತ್ತಿದ್ದೆ.

ಆ ದಿನದ ಖಾತೆಯಲ್ಲಿ ಬರೆದೆ:
ಸವಕಳಿ, ಒಂದು ಕಾಳು.
ಮಸಿ ಹೆಪ್ಪುಗಟ್ಟಿತ್ತು. ಲೇಖನಿಯನ್ನು ನಾಲಿಗೆಗೆ ತಾಗಿಸಿ
ಮತ್ತೆ ಬರೆದೆ. ಈಗಲೂ ಆ ಸಾಲು ಉಳಿದವುಗಳಿಗಿಂತ ತೆಳು.

ನೆಲ ಎರಡು ದಿನಕ್ಕೆ ಮೆತ್ತಗಾಯಿತು,
ಹಳೇ ರೊಟ್ಟಿಯಷ್ಟು. ಸಾಕಿತ್ತು.
ಉಪ್ಪು ಎಲ್ಲಿಂದ ತಂದೆಯೆಂದು ನಾನು ಕೇಳಲಿಲ್ಲ.
ಹೂತ ಮೇಲೆ ಕಲ್ಲು ವಾಪಸು ಎಂದಿತ್ತು ಮಾತು.
ಅವಳು ತೆಗೆಯಲಿಲ್ಲ.
ಅದನ್ನೂ ಕೇಳಲಿಲ್ಲ ಎಂದು ಬರೆಯಬಹುದು.
ಕೇಳಿದೆ. ಎರಡು ಸಲ.

ಊರ ಹಿಂದಿನ ದಿಬ್ಬದಲ್ಲಿ ಆಮೇಲೆ
ತೊಟ್ಟಿಲಗಲ ಜಾಗ ಬಿಳಿಯಾಗಲು ಒಪ್ಪಲಿಲ್ಲ.
ಬಿದ್ದ ಹಿಮ ಬಿದ್ದಲ್ಲೇ ನೀರು. ಕರಿ ಮಣ್ಣು, ಮೇಲೆ ಆವಿ.
ವಾರಕ್ಕೆ ಹಸಿರು ಎಂಥದೋ,
ಅದಕ್ಕೆ ನಮ್ಮಲ್ಲಿ ಹೆಸರಿಲ್ಲ.
ಮುದುಕ ಓರ್ಗಾನ್ ಮೂಸಿ ನೋಡಿ, ಸೀನಿದ.

ತಿಂಗಳ ಕೊನೆಗೆ ಸೆರಿಯಾನದ ತನಿಖೆಯವನು, ವಾರ್ದೆನ್,
ತುಪ್ಪಳದೊಳಗೊಂದು ಕಲ್ಲು ಹೊಲಿಸಿಕೊಂಡವನು.
ಅವನು ನಡೆದಲ್ಲೆಲ್ಲ ಅಂಗಳ ಕೆಸರು.
ಖಾತೆ ತಿರುವಿದ. “ಸವಕಳಿ?”
“ಕಲ್ಲು ಒಡೆಯುತ್ತದೆ, ಸ್ವಾಮಿ.”
“ಪುಡಿ?”
“ಗಾಳಿ.”
ಹನ್ನೊಂದು ದಿನ ಇದ್ದ.

ಹನ್ನೊಂದೂ ರಾತ್ರಿ ಊರು ದಿಬ್ಬ ಹತ್ತಿತು.
ಯಾರೂ ಯಾರಿಗೂ ಹೇಳಿರಲಿಲ್ಲ.
ಬಕೆಟ್ಟು, ಸಲಿಕೆ, ಹಿಟ್ಟು ನಾದುವ ಮರಿಗೆ,
ಮದುವೆಯ ಕಂಬಳಿಯಲ್ಲಿ ಹೊತ್ತು ತಂದ ಹಿಮ.
ಸುರಿದಂತೆ ಕರಗಿತು, ಕರಗಿದಂತೆ ಸುರಿದೆವು,
ಅವನು ಏಳುವ ಹೊತ್ತಿಗೆ ತೆಳು ಬಿಳುಪೊಂದು ನಿಲ್ಲಲೆಂದು.
ಹಗಲು ಮಕ್ಕಳ ಪಾಳಿ: ಅಲ್ಲೇ ಆಟ,
ಹಿಮದುಂಡೆಯ ಯುದ್ಧ, ಗುರಿ ಮಾತ್ರ ಸದಾ ನೆಲ.

ಬರೆಯಬಾರದು, ಆದರೂ:
ಬುಟ್ಟಿ ಬರಿದಾದ ಮೇಲೆ ಪ್ರತಿಯೊಬ್ಬರೂ
ಕೈಗವಸು ಕಳಚಿ, ಮಣ್ಣಿಗೆ ಅಂಗೈ ಇಟ್ಟು
ಏಳುತ್ತಿದ್ದರು. ಪಾಳಿಯ ಮೇಸ್ತ್ರಿ ಕೂಡ.
ತುಂಬ ಹೊತ್ತು ಇಟ್ಟವರಿಗೆ ಯೆಸ್ಕಾ ಹೇಳುತ್ತಿದ್ದಳು,
“ಸಾಕು. ಅವನಿಗೂ ಉಳಿಯಲಿ.”

ನನ್ನ ಸರದಿ ಕೊನೆಯ ರಾತ್ರಿ.
ಇಷ್ಟು ವರ್ಷ ತೂಗಿದ್ದು ಹೀಗಿರುತ್ತದೆಂದು ಗೊತ್ತಿರಲಿಲ್ಲ,
ಹಿಮಗೋಳಿ ಈಗಷ್ಟೇ ಎದ್ದು ಹೋದ ಗೂಡಿನಂತೆ.
ಯೆಸ್ಕಾ ನನಗೂ ಸಾಕು ಎಂದಳು.
ಬೇರೆಯವರಿಗಿಂತ ತುಸು ತಡವಾಗಿ.

ವಾರ್ದೆನ್ ಹೋದ. ಬಂಡಿಯ ಗೆರೆ ಮುಚ್ಚಿತು.
ಕಲ್ಲಿಗಿನ್ನೂ ಒಂಬತ್ತು ವರ್ಷ, ಹತ್ತು ತಿಂಗಳು.
ಮುಂದಿನ ತನಿಖೆ ಯಾವಾಗಲೋ.
ಬಾಗಿಲ ಹೊರಗಿನ ಮರಿಗೆಗಳನ್ನು
ಯಾರೂ ಒಳಗಿಟ್ಟಿಲ್ಲ.