ಕಡೇ ಸ್ಟಾಪು

ಬೈತಖೋಲದಲ್ಲಿ ಮೂರು ದಿನ ನಿಲ್ಲಿಸಿದ್ದೇ ತಪ್ಪಾಯಿತು.
ಹಾರ್ನ್ ಒತ್ತಿದರೆ ವೈಪರ್ ಆಡಿತು.
ಇನಾಸ ಬಾನೆಟ್ ಎತ್ತಿ, ಮೊಣಕೈತನಕ ಕೈ ಹಾಕಿ ತೆಗೆದ:
ಸೀಟಿನ ಹತ್ತಿ, ಬಲೆಯ ನೀಲಿ ದಾರ,
ಕಳೆದೆಯೆಂದು ಹೆಂಡತಿ ಬೈದಿದ್ದ
ಐಸ್ ಫ್ಯಾಕ್ಟರಿ ಚೀಟಿ.

ತಂಬಾಕು ಇಟ್ಟೆ. ಡಾಂಬರು ಗುಳಿಗೆ ಇಟ್ಟೆ.
ತೂತಿಗೆಲ್ಲ ತಂತಿಜಾಳಿ ಬಿಗಿದೆ.
'ತೊಳಿ ಮಾರಾಯ, ಸಿಗಡಿ ವಾಸನೆಗೇ ಇಲಿ ಬರ್ತದೆ.'
ತೊಳೆದೆ, ಸಾಬೂನು ಹಾಕಿ, ಎರಡು ಸಲ.
ಹದಿನೆಂಟು ವರ್ಷದ ಒಣಸಿಗಡಿ
ಸಾಬೂನಿಗೆ ಹೋಗುವುದೇ?
ಅದರಲ್ಲೇ ಮಗಳ ಶಾಲೆ, ಅದರಲ್ಲೇ
ಈ ಪಿಕಪ್ಪಿನ ಕಂತು.

ಈಗ ರಾತ್ರಿಯೆಲ್ಲ ಬಾನೆಟ್ ತೆರೆದೇ ಇರುತ್ತದೆ.
ಬೆಳಗಿನ ನಾಲ್ಕಕ್ಕೆ ಎರಡು ಸಲ ಬಡಿದು
'ಕಡೇ ಸ್ಟಾಪು, ಇಳೀರಿ' ಎನ್ನುತ್ತೇನೆ.
ಬೀಡಿ ಮುಗಿಯುವಷ್ಟು ಹೊತ್ತು ಕಾಯುತ್ತೇನೆ.
ಮರಿಗಳಿದ್ದರೆ
ತಡವಾಗುತ್ತದಲ್ಲ.