ತಕ್ಕದ್ದು

ಮಾಂಟ್ರಿಯಲ್‌ನಲ್ಲಿ ಬರೆದದ್ದು, ದಿಲ್ಲಿಯಲ್ಲಿ ಒಪ್ಪಿದ್ದು,
ಸಾಂಬ್ರಾದ ಈ ತಗಡಿನ ಕೋಣೆಯಲ್ಲಿ ಕೂತು
ಕನ್ನಡಕ್ಕೆ ಇಳಿಸುವ ಕೂಲಿ ನನ್ನದು.
ಪುಟಕ್ಕೆ ಇಷ್ಟು ಎಂದು ಮಾತಾಗಿದೆ.

ಮೂಲದಲ್ಲಿ ಎರಡೇ ಕ್ರಿಯಾಪದ, ಉಳಿದದ್ದೆಲ್ಲ ಅವುಗಳ ಬಾಲ:
ಒಂದು, ಮಾಡಿದರೆ ಒಳ್ಳೆಯದು.
ಇನ್ನೊಂದು, ಮಾಡತಕ್ಕದ್ದು.
ಹಕ್ಕಿಗಳನ್ನು ಎಣಿಸತಕ್ಕದ್ದು. ಎಣಿಸಿದ್ದನ್ನು ಬರೆಯತಕ್ಕದ್ದು.
ಬರೆದದ್ದನ್ನು ಮೇಲಕ್ಕೆ ಕಳಿಸತಕ್ಕದ್ದು.
ಓದಿ ಹೇಳಿದೆ. ಪಾಯಪ್ಪ ಚೌಗುಲೆ
ಬ್ಯಾಟರಿಗೆ ಸೆಲ್ಲು ಹಾಕುತ್ತ ಕೇಳಿದ:
"ಯಾರಿಗೆ ತಕ್ಕದ್ದು, ಬಾಯಾರ?"

ಉತ್ತರ ಹೊಳೆಯಲಿಲ್ಲ.
ಕೆಲವು ಸಾಲು ಉಳಿದವಕ್ಕಿಂತ ಹೊಸವು, ಪಕ್ಕದಲ್ಲಿ ತಾರೀಖು.
ಆ ತಾರೀಖಿನ ಹಿಂದಿನ ವರ್ಷ
ಎಲ್ಲೋ ಯಾರದೋ ಹೊಲದಲ್ಲಿ ಏನೋ ಉರಿದಿರಬೇಕು.
ಅದನ್ನು ಹೇಳೋಣವೆಂದರೆ ಅವನು ಹೊರಟಿದ್ದ.

ಐದೂವರೆಯ ಪಾಳಿ. ಮೊದಲ ಮಳೆ ಬಿದ್ದ ಬೆಳಗು.
ರನ್‌ವೇ ತುಂಬ ಎರೆಹುಳ.
ಹುಳಕ್ಕೆ ಬೆಳ್ಳಕ್ಕಿ, ಟಿಟ್ಟಿಭ,
ಅವುಗಳ ಬೆನ್ನಿಗೆ ಹದ್ದು.
ಹದ್ದು ಎಂಜಿನ್ನಿನ ಬಾಯಿಗೆ ಬಿದ್ದರೆ
ಎಪ್ಪತ್ತು ಮಂದಿ, ಅವರ ಎಪ್ಪತ್ತು ಪೆಟ್ಟಿಗೆ.

ಪಾಯಪ್ಪ ಜೈನ. ಹೊತ್ತು ಮುಳುಗುವ ಮುಂಚೆ ಉಂಡು,
ರಾತ್ರಿಪಾಳಿಯಿದ್ದರೆ ಕಡೆಯ ವಿಮಾನ ಇಳಿದರೂ ನೀರು ಮುಟ್ಟುವವನಲ್ಲ.
ಅವನ ಕೋವಿಯಲ್ಲಿ ಸದ್ದಿದೆ, ಗುಂಡಿಲ್ಲ.
ಹುಳಗಳಿಗೆ ಉದ್ದ ಕೋಲಿನ ಕಸಬರಿಗೆ,
ಮೆತ್ತಗಿನದು, ಸ್ವಂತ ದುಡ್ಡಿನದು.
ಊರಿಗೆ ಬಂದ ಮುನಿಗಳು ನವಿಲುಗರಿಯ ಪಿಂಛಿಯಿಂದ
ಕಾಲಿಡುವ ನೆಲ ಸವರುವುದನ್ನು ಸಣ್ಣವನಿದ್ದಾಗ ಕಂಡವನು.
ಇಲ್ಲಿ ಸವರುವ ದಾರಿ ಎರಡು ಕಿಲೋಮೀಟರು ಮೀರಿದೆ,
ಕಾಲಿಡುವವರು ಇನ್ನೂ ಆಕಾಶದಲ್ಲಿದ್ದಾರೆ.

ಹತ್ತು ಕಿಲೋಮೀಟರಿನೊಳಗೆ ಮಾಂಸದ ಕಸ
ಬಯಲಲ್ಲಿ ಬೀಳಕೂಡದು. ಇದೂ ಒಂದು ಕಲಮು.
ಕಾಗದ ಹಿಡಿದು ಮೋದಿನಸಾಬನ ಅಂಗಡಿಗೆ ಹೋದ.
ಅಂಥ ಕಟ್ಟೆಯನ್ನು ಅವನು ಏರಿದ್ದು ಅದೇ ಮೊದಲು.
"ನಿನ್ನ ಕಸುಬಿಗೆ ಅಡ್ಡ ಬರೂದಿಲ್ಲೋ ಮಾವ,
ಆ ತೆಗ್ಗಿಗೊಂದು ಮುಚ್ಚಳ ಹಾಕು."
"ಯಾವ ಊರ ಪಂಚರು ಬರದಾರ ಇದನ್ನ?"
"ಇನ್ನೂರಕ್ಕ ಏಳು ಕಡಿಮಿ ದೇಶದವರು.
ತಮ್ಮತಮ್ಮೊಳಗ ಜಗಳ ಇದ್ದವರೂ ಒಪ್ಯಾರ."
"ಗಡಿ ಜಗಳನೂ ಐತೇನು ಅವರೊಳಗ?"
"ನಮ್ಮದಕ್ಕಿಂತ ದೊಡ್ಡದು."
ಮೋದಿನಸಾಬ ಕತ್ತಿ ಕೆಳಗಿಟ್ಟು ನಕ್ಕ.
ಮರುದಿನ ತಗಡು ಬಂತು.

ಒಂದು ಮಂಗಳವಾರ ನಾನೇ ಕಂಡೆ.
ಹೈದರಾಬಾದಿನ ವಿಮಾನ ನೆಲ ಮುಟ್ಟಬೇಕು, ಚಕ್ರ ಹೊರಬಂದಿವೆ,
ಪಾಯಪ್ಪ ವಾಕಿಟಾಕಿಗೆ ನಾಲ್ಕು ಇಂಗ್ಲಿಷ್ ಶಬ್ದ ಹೇಳಿದ.
ಅವನಿಗೆ ಬರುವುದೇ ಹನ್ನೊಂದು.
ಗೋಪುರ ಅದನ್ನು ಮೇಲಕ್ಕೆ ದಾಟಿಸಿತು.
ಮೇಲಿದ್ದ ಹೆಣ್ಣುಮಗಳು, ಯಾವ ನಾಡಿನವಳೋ,
ಯಾಕೆ ಅನ್ನಲಿಲ್ಲ, ಯಾರವನು ಅನ್ನಲಿಲ್ಲ,
ಮೂಗೆತ್ತಿ, ಬೆಳಗಾವಿಗೊಂದು ಪ್ರದಕ್ಷಿಣೆ ಹಾಕಿ ಬಂದಳು.
ಹನ್ನೆರಡು ನಿಮಿಷ ತಡ. ಇಳಿದವರಲ್ಲೊಬ್ಬರು
ಸೂಟ್‌ಕೇಸು ಎಳೆಯುತ್ತ ಬೈದರು,
ಈ ಊರಿನ ಹಣೆಬರಹವೇ ಇಷ್ಟು ಎಂದು.
ಪಾಯಪ್ಪ ಅತ್ತ ನೋಡಲಿಲ್ಲ. ಬರೆಯುತ್ತಿದ್ದ:
ಹದ್ದು, ಎರಡು. ಎತ್ತರ, ತೆಂಗಿನ ಮರದಷ್ಟು.

ಆ ಪುಸ್ತಕ ಇಲ್ಲಿಂದ ದಿಲ್ಲಿಗೆ, ಅಲ್ಲಿಂದ ಮುಂದಕ್ಕೆ.
ಹಿಮ ಬೀಳುವ ಆ ಊರಲ್ಲಿ ಯಾರೋ ಕೂಡಿಸುತ್ತಾರೆ
ಸಾಂಬ್ರಾದ ಎರಡು ಹದ್ದನ್ನು
ಇನ್ನೆಲ್ಲಿಯದೋ ಬಾತುಗಳ ಜೊತೆಗೆ.

ಹಕ್ಕಿಯೇ ಬಾರದ ದಿನವೂ ಬರೆಯತಕ್ಕದ್ದು.
ಅದಕ್ಕೆ ಸಾಹೇಬರು ಕಲಿಸಿದ ಶಬ್ದ, ನಿಲ್.
ಏನೂ ಇಲ್ಲ ಎಂದರ್ಥ.
ಪುಟಗಟ್ಟಲೆ ಅವನ ದುಂಡು ಕನ್ನಡದಲ್ಲಿ
ನಿಲ್. ನಿಲ್. ನಿಲ್.
ನನಗೆ ಹಳಗನ್ನಡ ಕಲಿಸಿದ ಮೇಷ್ಟ್ರು ನೋಡಿದ್ದರೆ
ಯಾರೋ ಯಾರನ್ನೋ ದಿನಾ ತಡೆದು ನಿಲ್ಲಿಸುತ್ತಿದ್ದಾರೆ
ಎಂದುಕೊಳ್ಳುತ್ತಿದ್ದರು.

ನಮೂನೆಯ ಕಡೆಯ ಸಾಲಿನಲ್ಲಿ ಅದೇ ಶಬ್ದ ನನಗೂ ಎದುರಾಯಿತು.
ಕನ್ನಡ ಮಾಡಲಿಲ್ಲ. ಹಾಗೇ ಬಿಟ್ಟೆ.
ಅದಕ್ಕೆ ಕೂಲಿಯಿಲ್ಲ.