ಹಳದಿಗೆ ಒಂದು ಹನಿ ಕಪ್ಪು

ಗೆರೆ ಅವರದು, ಬಣ್ಣ ನನ್ನದು.
ಪುಟದ ಮೂಲೆಯಲ್ಲಿ ಅವರ ರುಜು,
ನನ್ನದು ಇಲ್ಲಿ, ಉಗುರಿನ ಸಂದಿಯಲ್ಲಿ.

ಶಾರ್ಲರುವಾದ ಟ್ರಾಮ್ ನಿಲ್ದಾಣದ ಎದುರು ಮೂರನೆಯ ಮಹಡಿ,
ಕಿಟಕಿಯಾಚೆ ಕಲ್ಲಿದ್ದಲ ಕಸದ ಗುಡ್ಡ,
ಒಲೆಯ ಮೇಲೆ ಕಾಫಿ, ಪಕ್ಕದಲ್ಲೇ ಕುಂಚ ತೊಳೆವ ಲೋಟ
(ಎರಡು ಸಲ ತಪ್ಪಿ ಕುಡಿದಿದ್ದೇನೆ).
ವಾರಕ್ಕೆರಡು ಪುಟ, ಪುಟಕ್ಕೆ ಹನ್ನೆರಡು ಚೌಕ.
ಚೌಕದೊಳಗೊಬ್ಬ ಹುಡುಗ, ಸೆರಿನೆಲ್.
ಗಣಿಗೆ ಒಯ್ಯುವ ಹಳದಿ ಹಕ್ಕಿಯ ಹೆಸರನ್ನೇ
ಒಂದಿಷ್ಟು ತಿರುಚಿ ಇಟ್ಟದ್ದು.
ಕೊರಳಿಗೆ ಹಳದಿ ಮಫ್ಲರ್.
ಹಾರಲು ಬಾರದು, ಗೋಡೆ ಒಡೆಯಲು ಬಾರದು,
ಇದ್ದದ್ದೊಂದೇ: ಮೂಗು.
ನೆಲದಡಿ ಅನಿಲ ತುಂಬಿಕೊಳ್ಳುವುದು
ದೀಪಕ್ಕಿಂತ ಮೊದಲು ಅವನಿಗೆ ಗೊತ್ತು.

ಗೊತ್ತಿದ್ದು ಏನು ಬಂತು?
ಆರನೆಯ ಪುಟದಲ್ಲಿ ಓಡಿದ, ಕೂಗಿದ:
"ಮೇಲೆ ಬನ್ನಿ, ಮೇಲೆ ಬನ್ನಿ!"
ಮೇಸ್ತ್ರಿ ಅವನ ಕಿವಿ ಹಿಂಡಿದ.
ಹತ್ತೊಂಬತ್ತರಲ್ಲಿ ಮ್ಯಾನೇಜರನ ಮುಂದೆ
ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ;
ಮ್ಯಾನೇಜರ ಗಡಿಯಾರ ನೋಡಿದ.
ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು
ಎಲ್ಲ ಕಡೆಯೂ ಇರುತ್ತಾರೆ, ಚಿತ್ರಕಥೆಯಲ್ಲೂ.
ಪ್ರತಿ ಸಲ ಸ್ಫೋಟಕ್ಕೆ ಕಿತ್ತಳೆ ಬಳಿದೆ,
ಪ್ರತಿ ಸಲ ಅವನ ಕೆನ್ನೆಗೆ ಒಂದು ಗೀರು ನೀಲಿ.
"ನೀಲಿ ಸಾಕು, ಅಳು ಖರ್ಚಾಗುವುದಿಲ್ಲ,"
ಪೈಪು ಕಚ್ಚಿಕೊಂಡೇ ಅಂದರು ಕೆರ್ತಿಮೋಂ, ಕಥೆ ಬರೆಯುವವರು.

ಆಮೇಲೆ ಒಂದು ಗುರುವಾರ
ಮೂವತ್ತೊಂದನೆಯ ಪುಟ ನನ್ನ ಮೇಜಿಗೆ ಬಂತು.
ಮೊದಲ ಚೌಕ: ಸುರಂಗ.
ಎರಡನೆಯದು: ಹುಡುಗ, ಮೂಗು ಮೇಲೆತ್ತಿ.
ಮೂರನೆಯದರಲ್ಲಿ ಅವನ ಕೈಯಲ್ಲಿ ಬೆಂಕಿಕಡ್ಡಿ.
ಮಾತಿನ ಗುಳ್ಳೆಯಲ್ಲಿ ಇಷ್ಟೇ:
"ಈ ಸಲ ನಾನು ಹೇಳಿದ್ದು ನಿಜವಾಗುತ್ತದೆ."

ಕಡ್ಡಿ ಇನ್ನೂ ಗೀರಿರಲಿಲ್ಲ.
ಕಾಫಿ ನನ್ನ ಗಂಟಲಿಳಿಯಲಿಲ್ಲ.

"ಮಫ್ಲರ್ ಇನ್ನು ಹಸಿರು ಮಾಡು, ಗಿಲೇನ್.
ಕೊಳೆತ ಹಸಿರು. ಮಕ್ಕಳಿಗೆ ದೂರದಿಂದಲೇ ತಿಳಿಯಬೇಕು."
ಯಾಕೆ ಎಂದೆ. ಓದುವವರು ಕಮ್ಮಿಯಾದರು ಅಂದರು.
ಬಾಗಿಲ ಹತ್ತಿರ ಹೋಗಿ, ಹಿಂದೆ ತಿರುಗದೆ:
"ನಂಬದವರ ನಡುವೆ ಒಬ್ಬ ಒಳ್ಳೆಯವನನ್ನು
ಎಷ್ಟು ಪುಟ ಅಂತ ನಡೆಸಲಿ ನಾನು?"

ಹಸಿರಿನ ಸೀಸೆ ತೆರೆಯಬೇಕಾಗಲಿಲ್ಲ.
ಹಳದಿಗೆ ಒಂದು ಹನಿ ಕಪ್ಪು, ಒಂದೇ ಹನಿ,
ಹಾಲಿಗೆ ಹೆಪ್ಪು ಬಿಟ್ಟ ಹಾಗೆ,
ತಾನೇ ತಿರುಗುತ್ತದೆ ಹಸಿರಿಗೆ.
ಬೇಕಾದವರು ಮಾಡಿ ನೋಡಬಹುದು.
ಆ ಕಪ್ಪನ್ನು ಹೊರಗಿನಿಂದ ತರಬೇಕಿಲ್ಲ;
ಮೊದಲ ಪುಟದಿಂದಲೂ ಅವನ ಗೆರೆಯಲ್ಲಿ ಇದ್ದದ್ದೇ,
ಕಣ್ಣಿನ ಸುತ್ತ, ಬೆರಳಿನ ಸುತ್ತ,
ಅವನನ್ನು ಹಿಡಿದು ನಿಲ್ಲಿಸಿದ್ದು.

ನನ್ನ ಅಣ್ಣ ಫಿರ್ಮಾಂ ರಾತ್ರಿ ಪಾಳಿ ಮುಗಿಸಿ
ಪಾರಿವಾಳಗಳಿಗೆ ಜೋಳ ಚೆಲ್ಲುತ್ತ ಪುಟ ನೋಡಿದ.
"ನನ್ನ ಕೈಗೆ ಸಿಕ್ಕರೆ ಕತ್ತು ಮುರಿಯುತ್ತೇನೆ," ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಆ ಮೇಸ್ತ್ರಿ ಮಾತ್ರ ಥೇಟ್ ನಮ್ಮವನೇ," ಅಂದ.

ಲಿಯೇಜಿನಿಂದ ಒಂದು ಮಗು ಕಾಗದ ಹಾಕಿತು:
ಒಗೆದರೆ ಹೋಗುತ್ತದಾ, ಮಫ್ಲರಿನ ಬಣ್ಣ?
ಉತ್ತರ ಬರೆಯುವುದು ನನ್ನ ಕೆಲಸವಲ್ಲ.

ಆದರೂ ಕದ್ದು ಒಂದು ಕೆಲಸ ಮಾಡಿದೆ.
ನಲವತ್ತನಾಲ್ಕನೆಯ ಪುಟ, ಕೊನೆಯ ಚೌಕ,
ಮಫ್ಲರಿನ ಮಡಿಕೆಯೊಳಗೆ
ಜೋಳದ ಕಾಳಿನಷ್ಟು ಹಳೆಯ ಹಳದಿ ಉಳಿಸಿದೆ.
ಯಾರೂ ಕಾಣುವುದು ಬೇಡ, ನಾನು ಬಲ್ಲೆ, ಸಾಕು.

ಅಚ್ಚಾಗಿ ಬಂತು. ಯಂತ್ರದಲ್ಲಿ ಹಾಳೆ ಒಂದೆಳೆ ಜರುಗಿ
ಬಣ್ಣ ಗೆರೆ ತಪ್ಪಿತ್ತು,
ಅಗ್ಗದ ಕಾಗದದಲ್ಲಿ ಆಗುತ್ತದಲ್ಲ, ಹಾಗೆ.
ಮಫ್ಲರ್ ಪೂರಾ ಹಸಿರು.
ನನ್ನ ಹಳದಿ ಕಾಳು ಪಕ್ಕಕ್ಕೆ ಸರಿದು
ಓಡಿಬರುತ್ತಿದ್ದ ಮ್ಯಾನೇಜರನ ಕೋಟಿನ ಮೇಲೆ ಕೂತಿತ್ತು,
ಪದಕದ ಹಾಗೆ.